ಪ್ರಾದೇಶಿಕ ಪತ್ರಾಗಾರದ ಚಿತ್ರ ಸಂಗ್ರಹ: ಆರೈಕೆ ಚೆನ್ನ, ಸೂಚಿ ಸಾಲದು

ಪ್ರಾದೇಶಿಕ ಪತ್ರಾಗಾರವೊಂದರಲ್ಲಿ ಎರಡು ದಿನ ಕುಳಿತು ಹಳೆಯ ಛಾಯಾಚಿತ್ರ, ಭೂಪಟ ಹಾಗೂ ರೇಖಾಚಿತ್ರಗಳನ್ನು ನೋಡಿದ ನನಗೆ ಅಲ್ಲಿನ ಸಂರಕ್ಷಣೆಯ ಬಗ್ಗೆ ಮೆಚ್ಚುಗೆಯೂ ಸೂಚಿಯ ಬಗ್ಗೆ ಬೇಸರವೂ ಉಂಟಾದವು. ಮಡಿಕೆಯ ಗೆರೆಯಲ್ಲೇ ಕಾಗದ ಮೊದಲು ಸೀಳುವುದರಿಂದ ಭೂಪಟಗಳನ್ನು ಅಗಲವಾದ ಖಾನೆಗಳಲ್ಲಿ ಮಡಿಸದೆ ಹಾಸಿಟ್ಟಿದ್ದಾರೆ. 1842ರಲ್ಲಿ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ, ಬೆಳಕಿನಿಂದ ನೀಲಿ ಚಿತ್ರ ಮೂಡಿಸುವ ಸಯನೋಟೈಪ್ ವಿಧಾನದ ನೀಲಿ ನಕ್ಷೆಗಳು ಕ್ಷಾರದ ಸಂಪರ್ಕದಿಂದ ಬಣ್ಣಗೆಡುತ್ತವೆ ಎಂಬುದನ್ನು ಅರಿತು, ಅವುಗಳಿಗೆ ಕ್ಷಾರ ಬೆರೆಸದ ಕಾಗದದ ಹೊದಿಕೆಯನ್ನೇ ಬಳಸಿರುವುದು ಸಿಬ್ಬಂದಿಯ ತಿಳಿವಳಿಕೆಗೆ ಸಾಕ್ಷಿ. ಆದರೆ ಸೂಚಿಯಲ್ಲಿ ‘ಸೇತುವೆ, ಹಳೆಯದು’ ಎಂದಷ್ಟೇ ನಮೂದಾಗಿದ್ದ ಛಾಯಾಚಿತ್ರವೊಂದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಸ್ಥಳನಾಮವೂ ದಿನಾಂಕವೂ ಸ್ಪಷ್ಟವಾಗಿಯೇ ಇದ್ದವು. ತಿರುಗಿಸಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲವೇನೋ! ಭೂಪಟವೊಂದರ ಪ್ರತಿಗಾಗಿ ಮೂರು ವಾರ ಕಾಯಬೇಕಾಯಿತಾದರೂ, ಕೈಸೇರಿದ ಸ್ಕ್ಯಾನ್‌ನಲ್ಲಿ ನದಿಯಂಚಿನ ಕೂದಲೆಳೆಯಂಥ ಗೆರೆಯೂ ಮಾಸದೆ ಉಳಿದಿತ್ತು.