ಕನ್ನಡ ಓದಿಗೆ ಇ-ರೀಡರೋ, ಅಚ್ಚಿನ ಪುಸ್ತಕವೋ?

ಇ-ರೀಡರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಬ್ಯಾಟರಿ, ಮೆಮೊರಿ, ಪಿಪಿಐ (ಪರದೆಯಲ್ಲಿ ಇಂಚಿಗೆ ಎಷ್ಟು ಚುಕ್ಕೆ) ನೋಡುತ್ತಾರೆ. ಕನ್ನಡ ಓದುವವರಿಗೆ ಇದು ಎರಡನೆಯ ಮಾತು. 300 ಪಿಪಿಐ ಪರದೆ ಈಗ ಸಾಮಾನ್ಯ, ಬ್ಯಾಟರಿಯೂ ವಾರಗಟ್ಟಲೆ ಬರುತ್ತದೆ. ಮೊದಲು ಕೇಳಬೇಕಾದದ್ದು, ನೀವು ಓದಬೇಕೆಂದಿರುವ ಪುಸ್ತಕ ಯಾವ ರೂಪದಲ್ಲಿ ಸಿಗುತ್ತದೆ ಮತ್ತು ಆ ಸಾಧನದಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ ಎಂಬುದನ್ನು.

2016ರಲ್ಲಿ ಅಮೆಜಾನ್‌ನ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ಸೇರಿಸಿಕೊಂಡಾಗ ಕನ್ನಡವನ್ನು ಬಿಟ್ಟಿತ್ತು. ಕನ್ನಡದ ಇ-ಪುಸ್ತಕಗಳು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಮುಂತಾದ ಕಡೆ ಬೆಳೆದವು. ಆಪ್ ಒಳಗೇ ಓದಬೇಕಾದ ಪುಸ್ತಕವನ್ನು ಆ ಆಪ್ ಹಾಕಲಾಗದ ರೀಡರ್‌ಗೆ ಸಾಗಿಸುವಂತಿಲ್ಲ. ಹಾಗಾಗಿ ಹೊಸ ಕಾದಂಬರಿ, ಕಥಾಸಂಕಲನಗಳೇ ನಿಮ್ಮ ಓದಾಗಿದ್ದರೆ ಆಂಡ್ರಾಯ್ಡ್ ಇರುವ ಇ-ಇಂಕ್ (ಕಾಗದದಂತೆ ಕಾಣುವ ಪರದೆಯ) ಸಾಧನ, ಉದಾಹರಣೆಗೆ ಬೂಕ್ಸ್, ಹೆಚ್ಚು ಕೆಲಸಕ್ಕೆ ಬರುತ್ತದೆ. ಆದರೆ ಇದರ ಬ್ಯಾಟರಿ ಬೇಗ ಇಳಿಯುತ್ತದೆ, ಆಪ್‌ನಲ್ಲಿ ಪುಟ ತಿರುಗುವಾಗ ಹಿಂದಿನ ಪುಟದ ನೆರಳು ಉಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪೂರ್ಣ ರಿಫ್ರೆಶ್ ಅನ್ನು ಐದಾರು ಪುಟಕ್ಕೊಮ್ಮೆ ಬರುವಂತೆ ಇಟ್ಟರೆ ಆ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ.

ನಿಮ್ಮ ಬಳಿಯೇ ಇಪಬ್ (ಇ-ಪುಸ್ತಕದ ಸಾಮಾನ್ಯ ರೂಪ) ಕಡತಗಳಿದ್ದರೆ ಮೊದಲು ಒಂದು ಪರೀಕ್ಷೆ ಮಾಡಿ. ‘ಸ್ತ್ರೀ, ರಾಷ್ಟ್ರ, ಜ್ಯೋತ್ಸ್ನಾ, ಕರ್ತೃ, ಕೈಂಕರ್ಯ’ ಎಂದು ಯೂನಿಕೋಡ್‌ನಲ್ಲಿ ಟೈಪಿಸಿ, ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶದಲ್ಲಿ ಇಪಬ್ (ಕಿಂಡಲ್‌ಗಾದರೆ ಎಝಡ್‌ಡಬ್ಲ್ಯೂ3) ಮಾಡಿ ಸಾಧನಕ್ಕೆ ಹಾಕಿ. ‘ರಾಷ್ಟ್ರ’ದಲ್ಲಿ ಎರಡೂ ಒತ್ತು ಷಕಾರದ ಕೆಳಗೇ ಬರಬೇಕು, ‘ಕರ್ತೃ’ವಿನ ಅರ್ಕಾವೊತ್ತು ತಕಾರದ ಬಲಕ್ಕೆ ನಿಲ್ಲಬೇಕು. ಅಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಅಥವಾ ಚುಕ್ಕೆಯ ವೃತ್ತ ಕಂಡರೆ ಆ ಸಾಧನದ ತಂತ್ರಾಂಶಕ್ಕೆ ಕನ್ನಡ ಜೋಡಣೆ ತಿಳಿದಿಲ್ಲ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಬರೀ ಖಾಲಿ ಚೌಕಗಳು ಬಂದರೆ ಕೊರತೆ ಫಾಂಟಿನದು. ಕಿಂಡಲ್, ಕೋಬೊ ರೀಡರ್‌ಗಳೆರಡರಲ್ಲೂ ಯುಎಸ್‌ಬಿ ಮೂಲಕ ಫಾಂಟ್ಸ್ ಫೋಲ್ಡರಿಗೆ ನೋಟೊ ಸೆರಿಫ್ ಕನ್ನಡ ಹಾಕಿ ಆರಿಸಿಕೊಳ್ಳಬಹುದು. ಕೋಬೊದಲ್ಲಿ ಕೆಓರೀಡರ್ ಎಂಬ ಉಚಿತ ಓದುವ ತಂತ್ರಾಂಶ ಹಾಕಿಕೊಂಡರೆ ಒತ್ತಕ್ಷರದ ಚಿಂತೆ ಇರುವುದಿಲ್ಲ.

ಅಕ್ಷರ ಸರಿಹೋದ ಮೇಲೆ ಸಾಲುಗಳ ಅಂತರವನ್ನು 1.5ರ ಆಸುಪಾಸಿಗೆ ಏರಿಸಿ. ಇಂಗ್ಲಿಷಿಗೆ ಹೊಂದಿಸಿದ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಎರಡೂ ಅಂಚು ಸಮ ಮಾಡುವ ಜೋಡಣೆಯನ್ನೂ ತೆಗೆದುಬಿಡಿ. ಕನ್ನಡದ ಪದಗಳು ಉದ್ದ. 6 ಇಂಚಿನ ಪರದೆಯ ಸಾಲಿನಲ್ಲಿ ನಾಲ್ಕೈದು ಪದ ಹಿಡಿದರೆ ಹೆಚ್ಚು. ಅದನ್ನು ಎಳೆದು ಸಮ ಮಾಡಿದರೆ ನಡುವೆ ದೊಡ್ಡ ಕಂಡಿಗಳು ಬೀಳುತ್ತವೆ.

ಹಳೆಯ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್ ವಿಷಯದಲ್ಲಿ ಲೆಕ್ಕಾಚಾರ ಪೂರ್ತಿ ಬೇರೆ, ಹೆಚ್ಚಿನವರು ನಿರಾಶರಾಗುವುದೂ ಇಲ್ಲಿಯೇ. ಡೆಮಿ ಅಷ್ಟಪತ್ರ ಪುಸ್ತಕದ ಪುಟ 5.5 × 8.5 ಇಂಚು. ಅಂಚು ಕತ್ತರಿಸಿದರೆ ಅಕ್ಷರದ ಭಾಗ ಸುಮಾರು 4 × 6.75 ಇಂಚು ಉಳಿಯುತ್ತದೆ. 6 ಇಂಚಿನ ಪರದೆ ನಿಜವಾಗಿ 3.6 × 4.8 ಇಂಚು. ಅಂಚು ಕತ್ತರಿಸಿದ ಪುಟವನ್ನು ಪೂರ್ತಿ ಹಿಡಿಸಿದರೂ 12 ಪಾಯಿಂಟಿನ ಅಕ್ಷರ 8.5ಕ್ಕೆ ಇಳಿದು ಒತ್ತುಗಳು ಮಸಿಯಂತೆ ಕಾಣುತ್ತವೆ. ಅಡ್ಡ ಹಿಡಿದರೆ ಅಕ್ಷರ ದೊಡ್ಡದಾಗುತ್ತದೆ, ಆದರೆ ಒಂದು ಪುಟಕ್ಕೆ ಮೂರು ಬಾರಿ ಸರಿಸಬೇಕು. ಪುಟವನ್ನು ಒಡೆದು ಮರುಜೋಡಿಸುವ ಸೌಲಭ್ಯವೂ ಕನ್ನಡಕ್ಕೆ ನಂಬಿಕೆಯದಲ್ಲ. ಕೆಳಗೆ ಇಳಿದ ಒತ್ತನ್ನು ಅದು ಬೇರೆ ಸಾಲೆಂದು ಎಣಿಸಿ ಕತ್ತರಿಸಿಬಿಡುವುದುಂಟು. 7.8 ಇಂಚಿನ ಪರದೆಯಲ್ಲಿ ಅಂಚು ಕತ್ತರಿಸಿದ ಪುಟ ಮೂಲದ ಶೇ 92ರಷ್ಟು ಗಾತ್ರದಲ್ಲಿ ಬರುತ್ತದೆ. 10.3 ಇಂಚಿನದರಲ್ಲಿ ಏನನ್ನೂ ಕತ್ತರಿಸದೆಯೇ ಹೆಚ್ಚುಕಡಿಮೆ ಪೂರ್ತಿ ಗಾತ್ರ. ಇಂಟರ್ನೆಟ್ ಆರ್ಕೈವ್ ತಾಣದ ಸ್ಕ್ಯಾನ್‌ಗಳೇ ನಿಮ್ಮ ಮುಖ್ಯ ಓದಾಗಿದ್ದರೆ 6 ಇಂಚಿನದು ಬೇಡವೇ ಬೇಡ. ಹಳದಿಗೆ ತಿರುಗಿದ ಕಾಗದ ಇ-ಇಂಕ್‌ನಲ್ಲಿ ಬೂದಿಬಣ್ಣವಾಗಿ ಕಾಣುವುದರಿಂದ ಕಾಂಟ್ರಾಸ್ಟ್ ಏರಿಸಿಕೊಳ್ಳಿ.

ಆ ಪುಸ್ತಕದ ಅಚ್ಚಿನ ಪ್ರತಿ ಸಿಕ್ಕರೆ ಅದೇ ಮೇಲು. ಸಿಗುವುದೇ ಕಷ್ಟ. ಕನ್ನಡದಲ್ಲಿ ಒಂದು ಮುದ್ರಣವೆಂದರೆ ಬಹಳ ಸಲ ಸಾವಿರ ಪ್ರತಿ. ಅದು ಮುಗಿದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿ ಸುತ್ತಬೇಕು.

ಹಳಗನ್ನಡ ಕಾವ್ಯಕ್ಕಂತೂ ಅಚ್ಚಿನ ಪ್ರತಿಯೇ ಸರಿ. ಪದ್ಯ ಒಂದು ಕಡೆ, ಟಿಪ್ಪಣಿ ಕೊನೆಯಲ್ಲಿ, ಶಬ್ದಕೋಶ ಇನ್ನೊಂದು ಸಂಪುಟದಲ್ಲಿ. ಮೂರು ಕಡೆ ಬೆರಳಿಟ್ಟು ಓದುವ ಈ ಕೆಲಸವನ್ನು ಯಾವ ರೀಡರೂ ಇನ್ನೂ ಸಲೀಸು ಮಾಡಿಲ್ಲ. ಪದ ಒತ್ತಿದರೆ ಅರ್ಥ ಬರುವುದು ರೀಡರಿನ ದೊಡ್ಡ ಅನುಕೂಲ ಎನ್ನುತ್ತಾರೆ. ನಿಘಂಟು ಹಾಕಿಕೊಂಡರೂ ‘ಮನೆಯಲ್ಲಿದ್ದವರಿಗೆ’ ಎಂಬುದನ್ನು ಒತ್ತಿದಾಗ ‘ಮನೆ’ ಸಿಗುವುದಿಲ್ಲ. ಪ್ರತ್ಯಯ ಬಿಡಿಸಿ ನೀವೇ ಟೈಪಿಸಬೇಕು. ಸಂಧಿಯಾದ ಹಳಗನ್ನಡ ಪದಗಳಿಗೆ ಇದು ಇನ್ನೂ ಹೆಚ್ಚು.

ದಪ್ಪ ಕಾದಂಬರಿಯಲ್ಲಿ ಮಾತ್ರ ರೀಡರ್ ಸಲೀಸಾಗಿ ಗೆಲ್ಲುತ್ತದೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದ 500 ಪುಟದ ಡೆಮಿ ಪುಸ್ತಕ ಅರ್ಧ ಕಿಲೋ ದಾಟುತ್ತದೆ, 6 ಇಂಚಿನ ರೀಡರ್ 200 ಗ್ರಾಂ ಆಸುಪಾಸು. ಮಲಗಿ ಓದುವವರಿಗೆ, ಕೈನೋವಿರುವ ಹಿರಿಯರಿಗೆ ಈ ವ್ಯತ್ಯಾಸ ದೊಡ್ಡದು. ಅಕ್ಷರ ದೊಡ್ಡದು ಮಾಡಿಕೊಳ್ಳುವ ಅನುಕೂಲವೂ ಜೊತೆಗಿದೆ. ಆದರೆ ಆಪ್‌ನಲ್ಲಿ ಕೊಂಡದ್ದನ್ನು ಓದಿ ಮುಗಿಸಿ ಅಕ್ಕನಿಗೋ ಗೆಳೆಯರಿಗೋ ಕೊಡಲಾಗದು.

ಅಚ್ಚಿನದನ್ನೇ ಕೊಳ್ಳುವುದಾದರೆ ಒಳಪುಟದ ವಿವರ ನೋಡಿ. ಬಳಸಿದ ಕಾಗದ ಮತ್ತು ಪುಟಗಾತ್ರವನ್ನು ಅಲ್ಲಿ ಅಚ್ಚು ಹಾಕುವ ಒಳ್ಳೆಯ ರೂಢಿ ಕನ್ನಡದಲ್ಲಿದೆ. 60 ಜಿಎಸ್‌ಎಂ ಆದರೆ ಹಿಂಬದಿಯ ಅಕ್ಷರ ಇಣುಕುತ್ತದೆ. ಬೆನ್ನಿಗೆ ಬರೀ ಅಂಟು ಹಾಕಿದ ದಪ್ಪ ಪುಸ್ತಕವನ್ನು ಮೊದಲ ಸಲವೇ ಪೂರ್ತಿ ಬಿಡಿಸಿದರೆ ಅಂಟು ಬಿರುಕು ಬಿಟ್ಟು ಹಾಳೆ ಕಳಚುತ್ತದೆ. ಮುಂದಿನಿಂದ ಹತ್ತು, ಹಿಂದಿನಿಂದ ಹತ್ತು ಹಾಳೆಯಂತೆ ಮೆಲ್ಲಗೆ ಒತ್ತುತ್ತ ನಡುವಿಗೆ ಬನ್ನಿ. ಹೊಲಿಗೆ ಹಾಕಿದ್ದಿರಲಿ, ಅಂಟಿನದಿರಲಿ, ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸಿದ ಪುಟಗಳ ಕಟ್ಟು) ತಪ್ಪಿರುತ್ತದೆಯೇ ನೋಡಿ: 16 ಪುಟಗಳ ಒಂದು ಫಾರಂ ಎರಡು ಸಲ ಬಂದು ಇನ್ನೊಂದು ಬಿಟ್ಟುಹೋಗಿರಬಹುದು. 16, 32, 48ರ ನಂತರದ ಪುಟಸಂಖ್ಯೆಗಳನ್ನು ಅಂಗಡಿಯಲ್ಲೇ ತಿರುವಿ ನೋಡಿದರೆ ಅಲ್ಲೇ ಬೇರೆ ಪ್ರತಿ ಕೇಳಬಹುದು.