ಮಳೆಗಾಲದಲ್ಲಿ ಒಂದೇ ದಿನಕ್ಕೆ ಮಂಗಳೂರಿಗೆ ಹೋಗಿ ಬರುವ ಯೋಚನೆ ಇದ್ದರೆ ಇದನ್ನು ಓದಿ

ನಾವು ಹಾಸನದವರು. ಜುಲೈನ ಒಂದು ಶನಿವಾರ ಮಂಗಳೂರು ನೋಡಿಕೊಂಡು ಬರೋಣ ಅಂತ ಹೊರಟೆವು. ನಮ್ಮನೆಯವರು, ನಾನು, ಅತ್ತೆ, ಇಬ್ಬರು ಮಕ್ಕಳು. ಬೆಳಿಗ್ಗೆ ಐದಕ್ಕೆ ಹೊರಟು ರಾತ್ರಿ ಹತ್ತಕ್ಕೆ ಮನೆ ಸೇರುವ ಲೆಕ್ಕ. ರೂಮ್ ಮಾಡಿರಲಿಲ್ಲ. ಬದಲಿ ಬಟ್ಟೆ ಮಕ್ಕಳಿಗೆ ಮಾತ್ರ ಇತ್ತು. ಮಳೆಗಿಂತ ಜಾಸ್ತಿ ನಮ್ಮನ್ನು ಸಿಕ್ಕಿಸಿದ್ದು ಆ ಲೆಕ್ಕವೇ. ನಡುವೆ ಘಾಟಿ ಇರುವಾಗ ಜುಲೈನಲ್ಲಿ ರಾತ್ರಿಯೊಳಗೆ ವಾಪಸ್ ಬಂದೇ ಬರುತ್ತೇವೆ ಅಂತ ಹೊರಡಬೇಡಿ.

ಹಿಂದಿನ ಸಂಜೆ ಮೊಬೈಲ್‌ನಲ್ಲಿ ಹವಾಮಾನ ನೋಡಿದ್ದೆ. ಮೋಡ, ಮಳೆಹನಿಯ ಚಿತ್ರ ಇತ್ತು. ಜುಲೈ ಅಲ್ವಾ, ಇರುತ್ತೆ ಅಂದುಕೊಂಡೆ. ಹವಾಮಾನ ಇಲಾಖೆ ದಕ್ಷಿಣ ಕನ್ನಡಕ್ಕೆ ಆರೆಂಜ್ ಅಲರ್ಟ್ ಕೊಟ್ಟಿದ್ದನ್ನು ನೋಡಲೇ ಇಲ್ಲ. ಆರೆಂಜ್ ಅಂದರೆ 24 ಗಂಟೆಯಲ್ಲಿ 115 ಮಿಲಿಮೀಟರಿನಿಂದ 204 ಮಿಲಿಮೀಟರಿನವರೆಗೆ ಮಳೆ ಬರಬಹುದು ಅಂತ. ಕಡಿಮೆ ಅಂದರೂ ನಾಲ್ಕೂವರೆ ಇಂಚು. ರೆಡ್ ಅಂದರೆ ಅದಕ್ಕೂ ಮೇಲೆ. ಆ್ಯಪ್‌ನ ಮಳೆಹನಿ ಚಿತ್ರದಲ್ಲಿ ಇದು ಗೊತ್ತಾಗುವುದಿಲ್ಲ. ನಿಮ್ಮ ಊರಿನದಲ್ಲ, ಹೋಗುವ ಜಿಲ್ಲೆಯ ಅಲರ್ಟ್ ನೋಡಿ.

ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಆಯಿತು. ಕದ್ರಿ ದೇವಸ್ಥಾನ, ಆಮೇಲೆ ಸೇಂಟ್ ಅಲೋಶಿಯಸ್ ಚಾಪೆಲ್. ಅಲ್ಲಿನ ಗೋಡೆ, ಛಾವಣಿಯ ಚಿತ್ರಗಳನ್ನು ಅತ್ತೆ ತಲೆ ಎತ್ತಿ ನೋಡುತ್ತಾ ಕೂತೇಬಿಟ್ಟರು. ಅಲ್ಲಿಗೇ ಸಾಕು ಮಾಡಿ ಹೊರಟಿದ್ದರೆ ಚೆನ್ನಾಗಿತ್ತು. ಆದರೆ ಇಷ್ಟು ದೂರ ಬಂದು ಮಕ್ಕಳಿಗೆ ಸಮುದ್ರ ತೋರಿಸದೆ ಹೋಗುವುದಾ ಅಂತ ಪಣಂಬೂರಿಗೆ ಹೊರಟೆವು.

ಬೀಚ್‌ನಲ್ಲಿ ಕೆಂಪು ಬಾವುಟ ಇತ್ತು. ಜೀವರಕ್ಷಕರು ಸೀಟಿ ಊದುತ್ತಿದ್ದರು. ನಾವು ನೀರಿಗೆ ಇಳಿಯಲಿಲ್ಲ, ದಡದಲ್ಲೇ ನಿಂತಿದ್ದೆವು. ಮಗ ಕಾಲು ಒದ್ದೆ ಮಾಡಿಕೊಳ್ಳುತ್ತೇನೆ ಅಂತ ನಾಲ್ಕು ಹೆಜ್ಜೆ ಮುಂದೆ ಹೋದ. ಅಷ್ಟೊತ್ತು ಬಂದ ಅಲೆಗಳೆಲ್ಲ ಅವನಿಗಿಂತ ದೂರದಲ್ಲೇ ನಿಲ್ಲುತ್ತಿದ್ದವು. ಒಂದು ಮಾತ್ರ ಸೀದಾ ಸೊಂಟದವರೆಗೆ ಬಂತು. ಬಂದಿದ್ದಕ್ಕಿಂತ ವಾಪಸ್ ಹೋಗುವಾಗಿನ ಸೆಳೆತವೇ ಜೋರು. ಕಾಲಡಿಯ ಮರಳು ಜಾರಿ ಅವನು ಕೂತೇಬಿಟ್ಟ. ಜೀವರಕ್ಷಕ ಹುಡುಗನೊಬ್ಬ ಓಡಿ ಬಂದು ಶರ್ಟ್ ಹಿಡಿದು ಎಳೆದ. ನಾನು ಕಿರುಚುವಷ್ಟರಲ್ಲಿ ಅದು ಮುಗಿದಿತ್ತು. ಈ ಕಾಲದಲ್ಲಿ ಅಲೆ ಮರಳನ್ನು ಕೊರೆದು ದಡ ಇಳಿಜಾರಾಗಿರುತ್ತೆ, ಅಂಚಿನಲ್ಲಿ ನಿಲ್ಲುವುದೂ ಬೇಡಮ್ಮ ಅಂದ. ಜೂನ್ 1ರಿಂದ ಜುಲೈ 31ರವರೆಗೆ ಅಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇದೆ. ಸಮುದ್ರವನ್ನೇ ನಂಬಿ ಬದುಕುವವರು ಬೋಟ್ ಕಟ್ಟಿ ಹಾಕಿರುವಾಗ ನಾವು ಮಗುವನ್ನು ಅಂಚಿಗೆ ಬಿಟ್ಟಿದ್ದೆವು.

ಅಷ್ಟರಲ್ಲಿ ಮಳೆ ಸುರಿಯಲು ಶುರುವಾಯಿತು. ಎದುರಿನ ಗಾಡಿಯೂ ಕಾಣದಂಥ ಮಳೆ. ವಾಪಸ್ ಬರುವಾಗ, ಅತ್ತೆಯ ಬಿಪಿ ಮಾತ್ರೆ ಮನೆಯಲ್ಲೇ ಉಳಿದಿದ್ದು ನೆನಪಾಗಿ, ಮೆಡಿಕಲ್ ಶಾಪ್ ಹುಡುಕಿಕೊಂಡು ಕೊಟ್ಟಾರ ಚೌಕಿಯ ಹತ್ತಿರ ಫ್ಲೈಓವರ್ ಹತ್ತದೆ ಕೆಳಗಿನ ರಸ್ತೆಗೆ ಇಳಿದೆವು. ಜೋರು ಮಳೆಗೆ ಅಲ್ಲಿ ನೀರು ನಿಲ್ಲುವುದು ಮಂಗಳೂರಿನವರಿಗೆಲ್ಲ ಗೊತ್ತು. ನಮಗೆ ಗೊತ್ತಿರಲಿಲ್ಲ. "ಆಚೆ ನೀರುಂಟು, ಹೋಗ್ಬೇಡಿ ಮಾರಾಯ್ರೇ" ಅಂತ ಆಟೋದವರು ಕೂಗಿದರು. ಮುಂದೆ ಒಂದು ಬಸ್ ಹೋಯಿತು, ಅದರ ಹಿಂದೆಯೇ ನಾವೂ ಹೋದೆವು. ಬಸ್ ಎಬ್ಬಿಸಿದ ಅಲೆ ಬಾನೆಟ್ಟಿಗೆ ಬಡಿದು ಎಂಜಿನ್ ನಿಂತಿತು. ಬಾಗಿಲ ಸಂದಿಯಿಂದ ನೀರು ಒಳಗೆ ಬಂತು. ನಮ್ಮನೆಯವರು ಗಾಬರಿಯಲ್ಲಿ ಎರಡು ಸಲ ಸ್ಟಾರ್ಟ್ ಮಾಡಲು ನೋಡಿದರು.

ಅದನ್ನು ದಯವಿಟ್ಟು ಮಾಡಬೇಡಿ. ನೀರು ಕುಡಿದ ಎಂಜಿನ್ ತಿರುಗಿಸಿದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗಬಹುದು. ನಮ್ಮದು ಬಾಗಿತ್ತು. ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಇದಕ್ಕೆ ಹಣ ಸಿಗುವುದು ಕಷ್ಟ. ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಕವರ್ ತೆಗೆದುಕೊಂಡಿರಬೇಕು. ನಮಗೆ ಇರಲಿಲ್ಲ. ಬಿಲ್ 80 ಸಾವಿರ ದಾಟಿತು.

ಅಲ್ಲಿದ್ದ ಹುಡುಗರು ಕಾರನ್ನು ತಳ್ಳಿ ಪಕ್ಕಕ್ಕೆ ಹಾಕಿದರು. ಒಬ್ಬ ಅಂಗಡಿಯವರು ಅತ್ತೆಗೆ ಕುರ್ಚಿ, ಬಿಸಿ ಚಹಾ ಕೊಟ್ಟರು. ಸಮುದ್ರದಲ್ಲಿ ಉಬ್ಬರ ಇದ್ದಾಗ ತೋಡಿನ, ಅಂದರೆ ಹಳ್ಳದ ನೀರು ಹೋಗಲು ಜಾಗ ಇಲ್ಲ, ಇಳಿತ ಆದಮೇಲೆ ಕಡಿಮೆ ಆಗುತ್ತದೆ ಅಂದರು. ಹಾಗೆಯೇ ಆಯಿತು. ಮಳೆಗಾಲದಲ್ಲಿ ಹೋಗುವವರು ಆ ದಿನದ ಉಬ್ಬರದ ಹೊತ್ತನ್ನೂ ನೋಡಿಕೊಳ್ಳಿ. ಟೈಡ್ ಅಂತ ಹುಡುಕಿದರೆ ಮೊಬೈಲ್‌ನಲ್ಲೇ ಸಿಗುತ್ತೆ.

ಬೇರೆ ಗಾಡಿ ಮಾಡಿಕೊಂಡು ಹೊರಡೋಣ ಅಂದರೆ, ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ವಾಹನ ನಿಲ್ಲಿಸಿದ್ದಾರೆ ಅಂತ ಸುದ್ದಿ ಬಂತು. ಶನಿವಾರ ಸಂಜೆ, ಒದ್ದೆ ಬಟ್ಟೆಯಲ್ಲಿ ಐದು ಜನ. ಮೂರು ಲಾಡ್ಜ್ ತಿರುಗಿದ ಮೇಲೆ ಒಂದು ರೂಮ್ ಸಿಕ್ಕಿತು. ಅತ್ತೆಯ ಮಾತ್ರೆ ಸಿಕ್ಕಿದಾಗ ರಾತ್ರಿ ಎಂಟೂವರೆ. ಅಷ್ಟು ಹೊತ್ತು ಅವರು ತಲೆ ಸುತ್ತುತ್ತಿದೆ ಅಂತ ಒಂದು ಮಾತೂ ಹೇಳಿರಲಿಲ್ಲ.

ಹೋಗಲೇಬೇಕು ಅಂದರೆ ಎರಡು ದಿನ ಇಟ್ಟುಕೊಳ್ಳಿ. ರೂಮ್ ಮೊದಲೇ ಮಾಡಿ. ಮಾತ್ರೆ, ಬಟ್ಟೆ ಒಂದು ದಿನದ್ದು ಜಾಸ್ತಿಯೇ ಇರಲಿ. ವಾಪಸ್ ಬರುವಾಗ ಘಾಟಿ ತೆರೆದಿದೆಯಾ ಅಂತ ಮಂಗಳೂರಿನಲ್ಲೇ ಕೇಳಿ, ಘಾಟಿಯ ಬುಡದಲ್ಲಿರುವ ಗುಂಡ್ಯದಲ್ಲಿ ಇನ್ನೊಮ್ಮೆ ಕೇಳಿ. ನಮ್ಮ ಮಗಳು ಈಗಲೂ ರಸ್ತೆಯಲ್ಲಿ ಸ್ವಲ್ಪ ನೀರು ಕಂಡರೆ ಸಾಕು, ಕಾರಿನ ಸೀಟಿನ ಮೇಲೆ ಕಾಲು ಎತ್ತಿಕೊಂಡು ಕೂರುತ್ತಾಳೆ.