ಟ್ರ್ಯಾಲಿಗೆ ರೇಡಿಯಂ ಟೇಪ್: ಎರಡು ಬಗೆಯಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ?

ನೆಲ್ಲಿನ (ಭತ್ತದ) ಸುಗ್ಗಿಯಲ್ಲಿ ಗಂಗಾವತಿ, ಸಿಂಧನೂರು, ಸಿರುಗುಪ್ಪದ ರಸ್ತೆಗಳ ಮೇಲೆ ರಾತ್ರಿಯೂ ಟ್ರ್ಯಾಲಿಗಳ ಓಡಾಟ. 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಂಡು ಬ್ರೇಕ್ ಒತ್ತುವಷ್ಟರಲ್ಲೇ 40 ಮೀಟರ್ ಕಳೆದಿರುತ್ತದೆ, ನಿಲ್ಲಲು ಇನ್ನೂ ಅಷ್ಟು ಬೇಕು. ಡಿಮ್ ಲೈಟು ಅಷ್ಟು ದೂರ ತೋರಿಸುವುದಿಲ್ಲ. ಹೆಡ್‌ಲೈಟಿನ ಬೆಳಕನ್ನು ಮರಳಿಸಿ ದೂರದಿಂದಲೇ ಟ್ರ್ಯಾಲಿ ಕಾಣಿಸುವ ರೇಡಿಯಂ ಟೇಪಿನ ಕೆಲಸ ಇರುವುದು ಇಲ್ಲೇ.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನುಣುಪು ಟೇಪು ಹಗಲು ಮಿಂಚಿ ರಾತ್ರಿ ಮಂಕಾಗುತ್ತದೆ, ದುಡ್ಡು ದಂಡ. ಒಳಗೆ ಜೇನುಹುಟ್ಟಿನ ಕಣ್ಣಿನಂಥ ವಿನ್ಯಾಸವಿರುವ, ಮೇಲೆ ಎಐಎಸ್-090 (ವಾಹನದ ಇಂಥ ಟೇಪಿಗೆ ಇರುವ ಭಾರತೀಯ ಮಾನದಂಡ, AIS-090) ಎಂದು ಅಚ್ಚಾದ 50 ಮಿ.ಮೀ. ಅಗಲದ್ದನ್ನು ಕೇಳಿ. ಪರೀಕ್ಷೆ ಸುಲಭ: ಕತ್ತಲಲ್ಲಿ ಐವತ್ತು ಹೆಜ್ಜೆ ದೂರ ನಿಂತು ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿಯಿರಿ. ಒಳ್ಳೆಯ ಟೇಪಾದರೆ ಬೆಳಕು ಬಂದ ದಿಕ್ಕಿಗೇ ಮರಳಿ ಹೊಳೆಯುತ್ತದೆ. ಟಾರ್ಚು ಸೊಂಟದ ಹತ್ತಿರ ಹಿಡಿದರೆ ಒಳ್ಳೆಯ ಟೇಪಿಗೂ ಅನ್ಯಾಯ.

ಬಣ್ಣ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರ್ಯಾಲಿಯ ಹಿಂಭಾಗಕ್ಕೆ ಸುತ್ತ ಚೌಕಟ್ಟು ಕಟ್ಟಲು ಸುಮಾರು 5 ಮೀಟರ್ ಕೆಂಪು, ಎರಡೂ ಪಕ್ಕಕ್ಕೆ ಒಂದೊಂದು ಉದ್ದ ಪಟ್ಟಿಯಂತೆ ಸುಮಾರು 6 ಮೀಟರ್ ಹಳದಿ ಸಾಕು.

ಟೇಪು ಕೈಕೊಡುವುದು ಬಹುತೇಕ ಅಂಟಿಸುವಾಗಲೇ. ತುಕ್ಕಿನ ಮೇಲೆ ಅಂಟಿಸಿದರೆ ತುಕ್ಕಿನ ಸಮೇತ ಏಳುತ್ತದೆ. ಪಾಲಿಶ್ ಪೇಪರ್ ಉಜ್ಜಿ, ಥಿನ್ನರ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮಧ್ಯದಿಂದ ಅಂಚಿಗೆ ಒತ್ತಿ. ರಿವೆಟ್ ಬಂದಲ್ಲಿ ಟೇಪು ಕತ್ತರಿಸಿ, ಅದರ ಮೇಲೆ ಎಳೆಯಬೇಡಿ. ತಗಡು ತೀರಾ ಹಳೆಯದಾದರೆ ಅಲ್ಯೂಮಿನಿಯಂ ಪಟ್ಟಿಗೆ ಅಂಟಿಸಿ ರಿವೆಟ್ ಹೊಡೆಸುವುದೇ ಲೇಸು.

ಹಿಂದಿನ ಬಾಗಿಲು ಕೆಳಕ್ಕೆ ಇಳಿಬಿಟ್ಟು ಓಡಿಸುವವರು ಬಹಳ. ಆಗ ಹೊರಮೈ ಟೇಪು ಒಳಕ್ಕೆ ತಿರುಗಿಬಿಡುತ್ತದೆ. ಬಾಗಿಲ ಒಳಮೈಗೂ ಒಂದು ಕೆಂಪು ಪಟ್ಟಿ ಬೇಕು. ಹುಲ್ಲು ಹೇರಿದಾಗಲಂತೂ ಟೇಪು ಪೂರಾ ಮುಚ್ಚಿಹೋಗುತ್ತದೆ. ಟೇಪು ಹಚ್ಚಿದ ಹಲಗೆಯೊಂದನ್ನು ಹೊರೆಯ ತುದಿಗೆ ಅಲುಗದಂತೆ ಕಟ್ಟಬೇಕು.

ಟೇಪು ಹಚ್ಚಿದ ಮಾತ್ರಕ್ಕೆ ಹಿಂದಿನ ಲೈಟು ಬಿಡುವ ಹಾಗಿಲ್ಲ. ಹೆಡ್‌ಲೈಟೇ ಇಲ್ಲದ ಬೈಕಿಗೆ ಟೇಪು ಕಾಣುವುದಿಲ್ಲ. ಇನ್ನು ಗದ್ದೆಯಿಂದ ಬಂದ ಎರೆ ಮಣ್ಣನ್ನು ಒಣ ಬಟ್ಟೆಯಿಂದ ತಿಕ್ಕಬೇಡಿ, ಗೀರು ಬೀಳುತ್ತದೆ. ರಸ್ತೆಗೆ ಹತ್ತುವ ಮುಂಚೆ ಕಾಲುವೆಯ ನೀರು ಚೆಲ್ಲಿ ತೊಳೆದರೆ ಸಾಕು.